ಹಳೆ ನಿಂಟೆಂಡೊದ ಕೆಂಪು ಲೈಟು ಹೊತ್ತಿ ಆರುತ್ತಿದೆಯಾ? ಎಸೆಯುವ ಮುಂಚೆ ಇಷ್ಟು ನೋಡಿ

ನಮ್ಮ ದೊಡ್ಡಪ್ಪನ ಮಗ ನ್ಯೂಜೆರ್ಸಿಯಿಂದ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ಟಿವಿಗೆ ಹಾಕಿ ವಿಡಿಯೋ ಗೇಮ್ ಆಡುವ ಒಂದು ಹಳೆ ನಿಂಟೆಂಡೊ ಯಂತ್ರ ತಂದಿದ್ದ. "ಕೆಟ್ಟೋಗಿದೆ ಕಣೋ, ನಿನಗೆ ಇಂಥದ್ದೆಲ್ಲ ಇಷ್ಟ ಅಲ್ವಾ, ಇಟ್ಕೋ" ಅಂತ ಕೊಟ್ಟ. ಹಾಕಿ ನೋಡಿದೆ. ಮುಂದಿನ ಕೆಂಪು ಲೈಟು ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಗಡಿಯಾರ ಮುಂದಿಟ್ಟುಕೊಂಡು ಎಣಿಸಿದೆ, ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸಲ. ಟಿವಿ ಪರದೆಯೂ ಅದೇ ತಾಳಕ್ಕೆ ಮಿನುಗುತ್ತಿತ್ತು.

ಯಂತ್ರ ಕೆಟ್ಟಿರಲಿಲ್ಲ. ಅದರೊಳಗಿನ ಬೀಗ ತೆರೆಯುತ್ತಿರಲಿಲ್ಲ, ಅಷ್ಟೇ. ಇಂಥ ಡಬ್ಬ ನಿಮ್ಮ ಹತ್ತಿರವೂ ಇದ್ದರೆ, ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ ಬೆಸುಗೆ ಹಾಕುವ ಕೆಲಸದವರೆಗೆ ಏನೇನು ನೋಡಬೇಕು ಅಂತ ಕೆಳಗೆ ಬರೆದಿದ್ದೇನೆ. ನಾನು ಹೇಳುತ್ತಿರುವುದು ಮುಂದುಗಡೆ ಮುಚ್ಚಳ ಎತ್ತಿ ಕ್ಯಾಸೆಟ್ ತೂರಿಸುವ ಬೂದು ಬಣ್ಣದ ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್) ಬಗ್ಗೆ, ಅಮೆರಿಕದಲ್ಲಿ 1985ರಲ್ಲಿ ಬಂದದ್ದು.

ಮೊದಲು ಬೀಗದ ಕತೆ

ಇದು ಗೊತ್ತಿಲ್ಲದೆ ಸುಮ್ನೆ ಸ್ಕ್ರೂ ಬಿಚ್ಚಿ ಪ್ರಯೋಜನ ಇಲ್ಲ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಬೀಗ ಇರಲಿಲ್ಲ. ಅದೇ ಯಂತ್ರವನ್ನು ಹೊಸ ಡಬ್ಬದಲ್ಲಿ ಅಮೆರಿಕಕ್ಕೆ ಕಳಿಸುವಾಗ ನಿಂಟೆಂಡೊದವರು ಒಂದು ಪುಟ್ಟ ಚಿಪ್ ಸೇರಿಸಿದರು. ಅದಕ್ಕೆ ಕಾರಣವೂ ಇತ್ತು. ಅದಕ್ಕೂ ಮುಂಚಿನ ಅಟಾರಿ 2600 ಅನ್ನುವ ಗೇಮ್ ಯಂತ್ರಕ್ಕೆ ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಬಹುದಿತ್ತು. ಕಳಪೆ ಆಟಗಳು ಅಂಗಡಿ ತುಂಬ ತುಂಬಿಕೊಂಡು, 1983ರಲ್ಲಿ ಅಲ್ಲಿನ ವಿಡಿಯೋ ಗೇಮ್ ವ್ಯಾಪಾರವೇ ಮಕಾಡೆ ಮಲಗಿತ್ತು. ತಮ್ಮ ಯಂತ್ರದಲ್ಲಿ ಹಾಗಾಗಬಾರದು, ನಕಲು ಕ್ಯಾಸೆಟ್ ಓಡಬಾರದು, ತಮ್ಮ ಲೈಸೆನ್ಸ್ ಇಲ್ಲದ ಆಟವೂ ಓಡಬಾರದು ಅಂತ ಈ ವ್ಯವಸ್ಥೆ. ಹೆಸರು 10ಎನ್‌ಇಎಸ್.

ಯಂತ್ರದ ಬೋರ್ಡಿನ ಮೇಲೆ ಒಂದು ಚಿಪ್, ಪ್ರತಿ ಅಸಲಿ ಕ್ಯಾಸೆಟ್‌ನೊಳಗೂ ಒಂದು ಚಿಪ್. ತಮಾಷೆ ಏನು ಗೊತ್ತಾ, ಎರಡೂ ಒಂದೇ ಚಿಪ್. ಅದರ 4ನೇ ಕಾಲಿಗೆ ವೋಲ್ಟೇಜ್ ಕೊಟ್ಟರೆ ಅದು ಬೀಗ, ಗ್ರೌಂಡ್ ಕೊಟ್ಟರೆ ಬೀಗದ ಕೈ. ಸ್ವಿಚ್ ಹಾಕಿದ ಕೂಡಲೇ ಎರಡೂ ಒಂದೇ ಲೆಕ್ಕ ಮಾಡುತ್ತಾ ಒಂದಕ್ಕೊಂದು ಉತ್ತರ ಕಳಿಸುತ್ತಾ ಹೋಗುತ್ತವೆ. ಉತ್ತರ ತಾಳೆಯಾಗುತ್ತಿರುವವರೆಗೆ ಆಟ ನಡೆಯುತ್ತದೆ. ತಾಳೆ ತಪ್ಪಿತೋ, ಬೀಗದ ಚಿಪ್ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತದೆ, ಸೆಕೆಂಡಿಗೊಂದು ಸಲ, ನೀವು ಸ್ವಿಚ್ ಆರಿಸುವವರೆಗೂ. ಲೈಟು ಹೊತ್ತಿ ಆರುವುದು ಇದಕ್ಕೇ.

ಎದುರಿಗಿರುವುದು ನಕಲು ಕ್ಯಾಸೆಟ್ಟೋ, ಕೊಳೆ ಹಿಡಿದ ಅಸಲಿ ಕ್ಯಾಸೆಟ್ಟೋ ಅಂತ ಆ ಚಿಪ್‌ಗೆ ಗೊತ್ತಾಗುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಕಳ್ಳ, ಅಷ್ಟೇ ಅದರ ಬುದ್ಧಿ. ಕಳ್ಳರಿಗೆ ಅಂತ ಹಾಕಿದ ಬೀಗ ಈಗ ಬಹುಪಾಲು ಮನೆ ಯಜಮಾನರನ್ನೇ ಹೊರಗೆ ನಿಲ್ಲಿಸುತ್ತಿದೆ.

ಕೈ ಹಾಕುವ ಮುಂಚೆ ಎಚ್ಚರ

ಅಮೆರಿಕದ ಅಡಾಪ್ಟರನ್ನು ನಮ್ಮ ಗೋಡೆಯ ಪ್ಲಗ್‌ಗೆ ನೇರವಾಗಿ ಹಾಕಬೇಡಿ. ಅದು 120 ವೋಲ್ಟಿಗೆ ಮಾಡಿದ್ದು, ನಮ್ಮದು 230. ನಾನು ಹಾಕಿದ್ದೇನೆ. ಮೊದಲು ಗುಂಯ್ ಅಂದಿತು, ಆಮೇಲೆ ವಾರ್ನಿಶ್ ಸುಟ್ಟ ವಾಸನೆ, ಆಮೇಲೆ ಏನೂ ಇಲ್ಲ. ಪುಣ್ಯಕ್ಕೆ ಯಂತ್ರಕ್ಕೆ ಸಿಕ್ಕಿಸಿರಲಿಲ್ಲ.

ಯಂತ್ರ ಬಿಚ್ಚುವಾಗ ಕರೆಂಟಿನ ವೈರು ಕಿತ್ತಿಟ್ಟಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗೆ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ (ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ) ಬೆಂಕಿ ಹಿಡಿಯುವ ವಸ್ತು. ಕಿಟಕಿ ತೆರೆದಿಟ್ಟುಕೊಳ್ಳಿ, ದೇವರ ದೀಪದ ಹತ್ತಿರ ಕೂರಬೇಡಿ. ಹಳೆ ಡಬ್ಬ ಟಿವಿಯಲ್ಲಿ ಆಡುತ್ತಿದ್ದರೆ ಟಿವಿಯ ಹಿಂಬದಿ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆರಿಸಿದ ಮೇಲೂ ಉಳಿದಿರಬಹುದು.

ಲಕ್ಷಣ: ಲೈಟೇ ಬರುತ್ತಿಲ್ಲ

ಇದು ಬೀಗದ ತಕರಾರಲ್ಲ, ಕರೆಂಟಿನ ತಕರಾರು. ಅಡಾಪ್ಟರ್ ಮೇಲೆ ಏನು ಬರೆದಿದೆ ನೋಡಿ. ಎನ್‌ಇಎಸ್‌ನ ಅಸಲಿ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ, ಡಿಸಿ ಅಲ್ಲ. ಮಲ್ಟಿಮೀಟರ್ ಎಸಿಗೆ ತಿರುಗಿಸಿ ಅಳೆಯಬೇಕು. ಡಿಸಿಯಲ್ಲಿಟ್ಟು ಸೊನ್ನೆ ಬಂತು ಅಂತ ಒಳ್ಳೆ ಅಡಾಪ್ಟರ್ ಬಿಸಾಕಿದವರಿದ್ದಾರೆ.

ಯಂತ್ರದೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಸೇತುವೆ ಇದೆ. ಹಾಗಾಗಿ ಇಲ್ಲೇ ಸಿಗುವ 9 ವೋಲ್ಟ್ ಡಿಸಿ, 1 ಆಂಪ್ ಅಥವಾ ಜಾಸ್ತಿಯ ಅಡಾಪ್ಟರ್ ಹಾಕಿದರೂ ನಡೆಯುತ್ತದೆ, ಪ್ಲಸ್ಸು ಮೈನಸ್ಸು ಯಾವ ಕಡೆ ಇದ್ದರೂ ಚಿಂತೆಯಿಲ್ಲ. ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಒಂದು ಮಾಮೂಲಿ ಅಡಾಪ್ಟರಿನಲ್ಲೇ ನಡೆಸುತ್ತಿದ್ದೇನೆ. ಆದರೆ ಈ ಮಾತು ಎನ್‌ಇಎಸ್‌ಗೆ ಮಾತ್ರ. ಜಪಾನಿನ ಫ್ಯಾಮಿಕಾಮ್‌ಗೆ ಡಿಸಿಯೇ ಬೇಕು, ಎನ್‌ಇಎಸ್‌ನ ಎಸಿ ಅಡಾಪ್ಟರ್ ಅದಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ.

ಅಡಾಪ್ಟರ್ ಸರಿ ಇದ್ದೂ ಲೈಟು ಬರದಿದ್ದರೆ ಒಳಗಿನ 5 ವೋಲ್ಟಿನ ರೆಗ್ಯುಲೇಟರ್ (7805) ನೋಡಿಸಬೇಕು. ಅಗ್ಗದ ಬಿಡಿಭಾಗ, ಟಿವಿ ರಿಪೇರಿ ಮಾಡುವ ಯಾರಿಗೆ ಕೊಟ್ಟರೂ ಹಾಕಿಕೊಡುತ್ತಾರೆ.

ಲಕ್ಷಣ: ಯಾವ ಕ್ಯಾಸೆಟ್ ಹಾಕಿದರೂ ಲೈಟು ಹೊತ್ತಿ ಆರುತ್ತದೆ

ಮೊದಲ ಪರೀಕ್ಷೆಗೆ ದುಡ್ಡೂ ಬೇಡ, ಸ್ಕ್ರೂಡ್ರೈವರೂ ಬೇಡ. ಕ್ಯಾಸೆಟ್ ತೆಗೆದು ಖಾಲಿ ಯಂತ್ರ ಆನ್ ಮಾಡಿ. ಲೈಟು ಹೊತ್ತಿ ಆರಬೇಕು! ಅದೇ ಸರಿ. ಬೀಗದ ಕೈ ಇಲ್ಲ, ಬೀಗ ತನ್ನ ಕೆಲಸ ಮಾಡುತ್ತಿದೆ. ಅಂದರೆ ಕರೆಂಟು ಬರುತ್ತಿದೆ, ಬೀಗದ ಚಿಪ್ ಜೀವಂತ ಇದೆ. ಖಾಲಿ ಯಂತ್ರದಲ್ಲೂ ಲೈಟು ಗಟ್ಟಿಯಾಗಿ ಹೊತ್ತಿಯೇ ಇದ್ದರೆ, ಬಹುಶಃ ನಿಮಗಿಂತ ಮುಂಚೆ ಯಾರೋ ಬೀಗ ಮುರಿದಿದ್ದಾರೆ. ಅದು ಹೇಗೆ ಅಂತ ಮುಂದೆ ಬರುತ್ತದೆ.

ಈಗ ಕ್ಯಾಸೆಟ್ ಕೈಗೆ ತೆಗೆದುಕೊಳ್ಳಿ. ಕೆಳಬಾಯಲ್ಲಿ ಇಣುಕಿದರೆ ಹಸಿರು ಬೋರ್ಡಿನ ಅಂಚು ಕಾಣುತ್ತದೆ, ಒಂದು ಬದಿಗೆ 36, ಇನ್ನೊಂದು ಬದಿಗೆ 36, ಒಟ್ಟು 72 ಪಟ್ಟಿ. ಬೀಗದ ಮಾತುಕತೆ ನಡೆಯುವುದು ಇವುಗಳಲ್ಲಿ ನಾಲ್ಕರ ಮೇಲೆ ಮಾತ್ರ, 34, 35, 70, 71. ನಾಲ್ಕೂ ಒಂದೇ ತುದಿಯ ಹತ್ತಿರ, ಬದಿಗೆ ಎರಡರಂತೆ ಕೂತಿವೆ. ಮಿಕ್ಕ 68 ಫಳಫಳ ಹೊಳೆಯುತ್ತಿದ್ದು ಆ ಒಂದು ಮೂಲೆಯಲ್ಲಿ ಕಿಲುಬು ಕೂತಿದ್ದರೂ ಯಂತ್ರ ನಿಮ್ಮನ್ನು ಕಳ್ಳ ಅಂದುಕೊಳ್ಳುತ್ತದೆ.

ಇಯರ್ ಬಡ್‌ಗೆ ಐಪಿಎ ಹಚ್ಚಿ, ತೊಟ್ಟಿಕ್ಕುವಷ್ಟು ಬೇಡ, ಪಟ್ಟಿಗಳ ಉದ್ದಕ್ಕೆ ಎಳೆಯಿರಿ. ಮೂಲೆಗಳನ್ನು ಬಿಡಬೇಡಿ. ನನ್ನ ಮಾರಿಯೋ ಕ್ಯಾಸೆಟ್‌ನಲ್ಲಿ ಮೊದಲನೇ ಬಡ್ ಬಾಣಲೆ ಒರೆಸಿದ ಹಾಗೆ ಕಪ್ಪಗೆ ಬಂತು, ಎರಡನೆಯದು ಬೂದು, ಐದನೆಯದು ಬೆಳ್ಳಗೆ. ಬೆಳ್ಳಗೆ ಬರುವವರೆಗೂ ಮಾಡಿ. ಮರಳು ಕಾಗದ ಬೇಡ, ಥಿನ್ನರ್ ಬೇಡ. ತಾಮ್ರದ ಚೊಂಬಿಗೆ ತಿಕ್ಕುವ ಹಾಗೆ ಹುಣಸೆಹಣ್ಣಂತೂ ಬೇಡ, ಪಟ್ಟಿಯ ಮೇಲಿನ ತೆಳು ಲೇಪ ಒಂದು ಸಲ ಹೋದರೆ ಹೋಯಿತು.

ಇನ್ನು ಊದುವ ವಿಷಯ. ನಾವೆಲ್ಲ ಕ್ಯಾಸೆಟ್ ಬಾಯಿಗೆ ಉಫ್ ಉಫ್ ಅಂತ ಊದಿದವರೇ. ಊದಿದ್ದಕ್ಕೆ ಸರಿಹೋಗುತ್ತಿತ್ತು ಅಂತ ಅಂದುಕೊಂಡಿದ್ದೆವು. ಸರಿಹೋಗುತ್ತಿದ್ದುದು ತೆಗೆದು ಮತ್ತೆ ಹಾಕಿದ್ದರಿಂದ, ಪಿನ್ನು ಹೊಸ ಜಾಗದಲ್ಲಿ ಉಜ್ಜಿ ಕೂರುತ್ತಿತ್ತು. ಉಸಿರಿನ ತೇವ ಒಳಗೆ ಹೋಗಿ ಮಾಡಿದ್ದು ಕಿಲುಬನ್ನೇ.

ತೊಳೆದ ಮೇಲೂ ಹೊತ್ತಿ ಆರುತ್ತಿದ್ದರೆ ಇನ್ನೊಂದು ಉಪಾಯ. ಕ್ಯಾಸೆಟ್ ಪೂರ್ತಿ ತೂರಿಸಿ, ಒಂದೆರಡು ಮಿಲಿಮೀಟರ್ ಹಿಂದಕ್ಕೆ ಎಳೆದು, ಆಮೇಲೆ ಕೆಳಗೆ ಒತ್ತಿ. ಹಾಗೆ ಮಾಡಿದಾಗ ಆಟ ಶುರುವಾದರೆ ಕ್ಯಾಸೆಟ್ ಸರಿಯಿದೆ, ಯಂತ್ರದೊಳಗಿನ ಕನೆಕ್ಟರ್ ಪಿನ್ನುಗಳು ಸವೆದು ಸಡಿಲವಾಗಿವೆ. ನೇರ ಕನೆಕ್ಟರ್ ಭಾಗಕ್ಕೆ ಹೋಗಿ.

ಲಕ್ಷಣ: ಒಂದೇ ಒಂದು ಕ್ಯಾಸೆಟ್ ಮಾತ್ರ ಒಪ್ಪುತ್ತಿಲ್ಲ

ಮಿಕ್ಕವೆಲ್ಲ ಓಡಿ ಒಂದು ಮಾತ್ರ ಓಡದಿದ್ದರೆ, ಮತ್ತು ಅದನ್ನು ಚೆನ್ನಾಗಿ ತೊಳೆದಿದ್ದರೆ, ಯಂತ್ರ ಬಿಚ್ಚಬೇಡಿ. ಲೇಬಲ್ ಓದಿ.

ಒಂದು, ಅದು ಬೇರೆ ದೇಶದ್ದಿರಬಹುದು. ಅಮೆರಿಕದ ಬೀಗದ ಚಿಪ್ 3193, ಯುರೋಪಿನ ಬಹುಭಾಗದ್ದು 3195, ಬ್ರಿಟನ್, ಇಟಲಿ, ಆಸ್ಟ್ರೇಲಿಯಾದ್ದು 3197. ಒಂದರ ಕೈ ಇನ್ನೊಂದರ ಬೀಗಕ್ಕೆ ಆಗುವುದಿಲ್ಲ. ಲೇಬಲ್ ಮೇಲಿನ ಕೋಡು ಯುಎಸ್‌ಎ ಅಂತ ಮುಗಿದರೆ ಅಮೆರಿಕದ್ದು. ಯುಕೆವಿ, ಎಫ್‌ಆರ್‌ಎ, ಎನ್‌ಒಇ, ಇಇಸಿ ಅಂತಿದ್ದರೆ ಯುರೋಪಿನ ಕಡೆಯದು. ಲಂಡನ್ನಿನ ಅತ್ತೆ ಕಳಿಸಿದ ಕ್ಯಾಸೆಟ್ಟು ಡಲ್ಲಾಸಿನ ಮಾವ ಕೊಟ್ಟ ಯಂತ್ರದಲ್ಲಿ ಎಷ್ಟು ತೊಳೆದರೂ ಹೊತ್ತಿ ಆರುತ್ತಲೇ ಇರುತ್ತದೆ. ಅಲ್ಲಿ ಯಾವುದೂ ಕೆಟ್ಟಿಲ್ಲ.

ಎರಡು, ಲೈಸೆನ್ಸ್ ಇಲ್ಲದ ಕಂಪನಿಯದ್ದಿರಬಹುದು. ಇದು ಸ್ವಾರಸ್ಯದ ಜಾಗ. ಆಗಿನ ಕೆಲವು ಕಂಪನಿಗಳು, ಉದಾಹರಣೆಗೆ ಕಲರ್ ಡ್ರೀಮ್ಸ್, ಕೀ ಚಿಪ್ ನಕಲು ಮಾಡುವ ಗೋಜಿಗೆ ಹೋಗಲಿಲ್ಲ. ಆನ್ ಮಾಡಿದ ಕೂಡಲೇ ಬೀಗದ ಚಿಪ್‌ಗೆ ಒಂದು ವೋಲ್ಟೇಜ್ ಏಟು ಕೊಟ್ಟು ಅದರ ತಲೆ ಗಿರ್ ಅನ್ನಿಸಿ ಬಿಡುತ್ತಿದ್ದರು. ನಿಂಟೆಂಡೊ ಆಮೇಲಿನ ಬೋರ್ಡುಗಳಲ್ಲಿ ಈ ಏಟಿಗೆ ತಡೆ ಹಾಕಿತು. ಹಾಗಾಗಿ ಅದೇ ಕ್ಯಾಸೆಟ್ ಒಬ್ಬರ ಮನೆಯಲ್ಲಿ ಓಡುತ್ತದೆ, ನಿಮ್ಮ ಮನೆಯಲ್ಲಿ ಓಡುವುದಿಲ್ಲ. ಇನ್ನು ಆಸ್ಟ್ರೇಲಿಯಾದ ಎಚ್‌ಇಎಸ್ ಕಂಪನಿಯವರ ಕೆಲವು ಕ್ಯಾಸೆಟ್‌ಗಳ ಬೆನ್ನಿಗೆ ಇನ್ನೊಂದು ಅಸಲಿ ಕ್ಯಾಸೆಟ್ ಸಿಕ್ಕಿಸಬೇಕು. ಬೀಗದ ಕೈಯನ್ನು ಅದರಿಂದ ಎರವಲು ಪಡೆಯುವುದು! ಬೆನ್ನಿನಲ್ಲಿ ಖಾಲಿ ಬಾಯಿ ಕಂಡರೆ ಕೆಟ್ಟಿದೆ ಅನ್ನಬೇಡಿ, ಜೊತೆಗಾರನನ್ನು ಹುಡುಕಿ.

ಅಟಾರಿ ಗೇಮ್ಸ್‌ನ ಅಂಗಸಂಸ್ಥೆ ಟೆಂಗೆನ್‌ನ ಕಪ್ಪು ಕ್ಯಾಸೆಟ್ ಆದರೆ ಅದು ಮಾಮೂಲಿಯಾಗಿ ಓಡಬೇಕು. ಅಟಾರಿ ಗೇಮ್ಸ್‌ನ ವಕೀಲರು 1988ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿಗೆ ಸುಳ್ಳು ಕಾರಣ ಹೇಳಿ ಬೀಗದ ಪ್ರೋಗ್ರಾಮಿನ ಪ್ರತಿಯನ್ನೇ ಪಡೆದು, ಅದರ ಸಹಾಯದಿಂದ ರ್‍ಯಾಬಿಟ್ ಅನ್ನುವ ತಮ್ಮದೇ ಚಿಪ್ ಮಾಡಿಕೊಂಡರು. 1992ರಲ್ಲಿ ಮೇಲಿನ ಕೋರ್ಟು ಕೂಡ ನಿಂಟೆಂಡೊ ಪರವಾಗಿಯೇ ನಿಂತಿತು. ನೀತಿ ಏನೇ ಇರಲಿ, ಕೈ ಮಾತ್ರ ಬೀಗಕ್ಕೆ ಸರಿಯಾಗಿ ಕೂರುತ್ತಿತ್ತು. ಹೊತ್ತಿ ಆರಿದರೆ ಮತ್ತೆ ತೊಳೆಯಿರಿ.

ಮೂರನೆಯದು ನಮ್ಮೂರಿನವರಿಗೆ. 90ರ ದಶಕದಲ್ಲಿ ನಾವು ಆಡಿದ "ಟಿವಿ ಗೇಮ್"ಗಳು ಬಹುಪಾಲು ಫ್ಯಾಮಿಕಾಮ್ ನಕಲುಗಳು. ಅವಕ್ಕೆ ಬೀಗವೇ ಇಲ್ಲ, ಅವುಗಳ ಕ್ಯಾಸೆಟ್‌ಗೆ 60 ಪಟ್ಟಿ, ಒಳಗೆ ಕೀ ಚಿಪ್ ಇರುವುದಿಲ್ಲ. ಅಲ್ಮೇರದಲ್ಲಿರುವ ಆ ಕ್ಯಾಸೆಟ್ಟನ್ನು 60ರಿಂದ 72ಕ್ಕೆ ಬದಲಿಸುವ ಅಡಾಪ್ಟರ್ ಮೂಲಕ ಎನ್‌ಇಎಸ್‌ಗೆ ಹಾಕುತ್ತಿದ್ದರೆ, ಅಡಾಪ್ಟರಿನಲ್ಲಿ ಕೀ ಚಿಪ್ ಇರಲೇಬೇಕು. ಬರೀ ತಂತಿ ಎಳೆದ ಅಗ್ಗದ್ದಾದರೆ ಹೊತ್ತಿ ಆರುವುದು ಖಚಿತ.

ಲಕ್ಷಣ: ಆಡುತ್ತಾ ಆಡುತ್ತಾ ತಟ್ಟನೆ ರೀಸೆಟ್ ಆಗುತ್ತದೆ

ಹತ್ತು ನಿಮಿಷ ಚೆನ್ನಾಗಿ ಓಡಿತು, ಮಗು ಓಡಿ ಬಂದು ಟೀಪಾಯಿಗೆ ಬಡಿಯಿತು, ಲೈಟು ಮಿಣ ಮಿಣ ಶುರು. ಬೀಗ ಬಾಗಿಲಲ್ಲಿ ಒಂದು ಸಲ ಕೇಳಿ ಸುಮ್ಮನಾಗುವುದಿಲ್ಲ, ಆಟ ನಡೆಯುವಷ್ಟು ಹೊತ್ತೂ ಕೇಳುತ್ತಲೇ ಇರುತ್ತದೆ. ಒಂದು ಕ್ಷಣ ಪಿನ್ನು ಅಲುಗಿದರೂ ಉತ್ತರ ತಪ್ಪುತ್ತದೆ. ಕ್ಯಾಸೆಟ್ಟನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಿ. ಅಲುಗಿಸಿದಾಗೆಲ್ಲ ರೀಸೆಟ್ ಆದರೆ ಸಡಿಲ ಪಿನ್ನು. ಅಲುಗಿಸಿದರೂ ಏನೂ ಆಗದೆ, ಬಿಸಿಯಾದ ಮೇಲೆ ಮಾತ್ರ ಆಗುತ್ತಿದ್ದರೆ ಅಡಾಪ್ಟರ್ ಅಥವಾ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ.

ಲಕ್ಷಣ: ಲೈಟು ಗಟ್ಟಿಯಾಗಿದೆ, ಪರದೆ ಮಾತ್ರ ಬೂದು ಅಥವಾ ಚಿತ್ರ ಕಲಸುಮೇಲೋಗರ

ಒಳ್ಳೆ ಸುದ್ದಿ, ಬೀಗ ತೆರೆದಿದೆ. ಖಾಲಿ ಬಣ್ಣದ ಪರದೆ ಅಂದರೆ ಆಟದ ಪ್ರೋಗ್ರಾಮು ಓದಲು ಆಗುತ್ತಿಲ್ಲ. ಆಟ ಓಡುತ್ತಿದೆ, ಸಂಗೀತ ಸರಿಯಿದೆ, ಆದರೆ ಮಾರಿಯೋ ಮೈಯಲ್ಲಿ ಅಕ್ಷರ ಚೂರುಗಳು ಕಾಣುತ್ತಿವೆ ಅಂದರೆ ಚಿತ್ರದ ಮಾಹಿತಿ ಸಾಗುವ ಪಟ್ಟಿಗಳಲ್ಲಿ ಕೊಳೆ. ಎರಡಕ್ಕೂ ಮದ್ದು ಅದೇ ಇಯರ್ ಬಡ್. ಇದರಲ್ಲಿ ಬೀಗದ ಚಿಪ್ ಮುಟ್ಟುವ ಮಾತೇ ಇಲ್ಲ.

ಚಿತ್ರ ಬರೀ ಕಪ್ಪು ಬಿಳುಪಾಗಿ ಬಂದರೆ ನಿಮ್ಮ ಹಳೆ ಟಿವಿ ನಮ್ಮ ಕಡೆಯ ಪಾಲ್ ಬಗೆಯ ಬಣ್ಣದ ಸಿಗ್ನಲ್ ಮಾತ್ರ ಬಲ್ಲದು, ಅಮೆರಿಕದ ಯಂತ್ರ ಕೊಡುವುದು ಅಲ್ಲಿನ ಎನ್‌ಟಿಎಸ್‌ಸಿ ಸಿಗ್ನಲ್. ಹಳದಿ ವೈರು ಹಾಕುವ ಜಾಗ ಇರುವ ಇತ್ತೀಚಿನ ಟಿವಿಗೆ ಹಾಕಿ ನೋಡಿ. ಆಟ ಉಳಿಸಿಟ್ಟದ್ದು ಅಳಿಸಿಹೋದರೆ ಕ್ಯಾಸೆಟ್‌ನೊಳಗಿನ ಬ್ಯಾಟರಿ ಮುಗಿದಿದೆ, ಅದಕ್ಕೂ ಲೈಟಿಗೂ ಸಂಬಂಧ ಇಲ್ಲ.

ಈಗ ಬಿಚ್ಚುವ ಕೆಲಸ: ಕನೆಕ್ಟರ್

ಕ್ಯಾಸೆಟ್‌ಗಳೆಲ್ಲ ತೊಳೆದಾಯಿತು, ಇನ್ನೂ ಹಟ ಮಾಡುತ್ತಿದೆ ಅಂದರೆ ಯಂತ್ರವನ್ನು ಬೋರಲು ಹಾಕಿ. ಅಡಿಯಲ್ಲಿ 6 ಮಾಮೂಲಿ ಸ್ಟಾರ್ ಸ್ಕ್ರೂಗಳಿವೆ. (ಕ್ಯಾಸೆಟ್ ಬಿಚ್ಚಲು ಮಾತ್ರ 3.8 ಮಿ.ಮೀ. ವಿಶೇಷ ಬಿಟ್ ಬೇಕು, ಆದರೆ ತೊಳೆಯಲು ಅದನ್ನು ಬಿಚ್ಚಬೇಕಾಗಿಲ್ಲ.) ಮೇಲಿನ ಮುಚ್ಚಳ ಎತ್ತಿ, ತಗಡಿನ ಕವಚ ತೆಗೆದು, ಕ್ಯಾಸೆಟ್ ಕೂರುವ ಟ್ರೇಯ ಸ್ಕ್ರೂ ಬಿಚ್ಚಿ ಮುಂದಕ್ಕೆ ಜಾರಿಸಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ, ಕೊನೆಗೆ ಒಂದು ಕೈಯಲ್ಲೇ ಉಳಿಯುತ್ತದೆ.

ಹಿಂದೆ ಕಾಣುವ ಉದ್ದನೆ ಕಪ್ಪು ತುಂಡೇ 72 ಪಿನ್ನಿನ ಕನೆಕ್ಟರ್. ಅದು ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ, ಬೋರ್ಡಿನ ಅಂಚಿಗೆ ಸಿಕ್ಕಿಸಿದ್ದು. ಮೆಲ್ಲಗೆ ಎಳೆದರೆ ಬರುತ್ತದೆ. ಎಲ್ಲರೂ ಮರೆಯುವ ಜಾಗ ಇದೇ: ಕ್ಯಾಸೆಟ್‌ನ ಅಂಚು ತೊಳೆಯುತ್ತಾರೆ, ಬೋರ್ಡಿನ ಅಂಚು ತೊಳೆಯುವುದಿಲ್ಲ. ನನ್ನ ಯಂತ್ರದಲ್ಲಿ ಬೋರ್ಡಿನ ಅಂಚಿನ ಒಂದು ತುದಿ ಹಳೆ ನಾಣ್ಯದ ಬಣ್ಣಕ್ಕೆ ತಿರುಗಿತ್ತು. ಒರೆಸಿದೆ, ಜೋಡಿಸಿದೆ, ಅರ್ಧ ಸಮಸ್ಯೆ ಅಲ್ಲೇ ಹೋಯಿತು.

ಉಳಿದರ್ಧಕ್ಕೆ ಕನೆಕ್ಟರನ್ನು ಕುದಿಸಿದೆ. ನಿಜವಾಗಿ. ಅಡುಗೆಗೆ ಬಳಸದ ಪಾತ್ರೆಯಲ್ಲಿ, ಒಂದು ತಟ್ಟೆ ಇಡ್ಲಿ ಬೇಯುವಷ್ಟು ಹೊತ್ತು, 10 ನಿಮಿಷ. ನೀರಿನ ಮೇಲೆ ಜಿಡ್ಡು ತೇಲಿತು. ಒಂದು ಇಡೀ ದಿನ ಫ್ಯಾನ್ ಕೆಳಗೆ ಒಣಗಿಸಿದೆ. ಒದ್ದೆ ಇರುವಾಗ ಕರೆಂಟು ಕೊಟ್ಟರೆ ಬೋರ್ಡು ಹೋಗುತ್ತದೆ, ಆತುರ ಬೇಡ. ಕುದಿಸಬೇಕಾದ್ದು ಕನೆಕ್ಟರ್ ತುಂಡು ಮಾತ್ರ, ಬೋರ್ಡನ್ನಲ್ಲ.

ಪಿನ್ನುಗಳನ್ನು ಸೂಜಿಯಿಂದ ಒಂದೊಂದಾಗಿ ಮೇಲೆತ್ತುವವರೂ ಇದ್ದಾರೆ. ನಾನು ಎರಡು ಎತ್ತಿದೆ, ಮೂರನೆಯದು ಮುರಿಯುವ ಹಾಗಾಯಿತು, ನಿಲ್ಲಿಸಿದೆ. ಹೊಸ ಕನೆಕ್ಟರ್ ಸಿಗುತ್ತದೆ, ಆದರೆ ಹಲವು ಎಷ್ಟು ಬಿಗಿ ಅಂದರೆ ಕ್ಯಾಸೆಟ್ ಎಳೆಯಲು ಕಾಲು ಕೊಟ್ಟು ನಿಲ್ಲಬೇಕು. ಹಳೆಯದನ್ನು ಉಳಿಸಿಕೊಳ್ಳಲು ಮೊದಲು ನೋಡಿ ಅನ್ನುವುದು ನನ್ನ ಅಭಿಪ್ರಾಯ. ಗೇಮ್ ಜೀನಿ (ಆಟದಲ್ಲಿ ಚೀಟ್ ಕೋಡು ಹಾಕಲು ಕ್ಯಾಸೆಟ್‌ಗೆ ಜೋಡಿಸುವ ಸಾಧನ) ಸಿಕ್ಕಿಸಿ ಆಡುತ್ತಿದ್ದ ಯಂತ್ರವಾದರೆ ಪಿನ್ನುಗಳು ಜಾಸ್ತಿ ಅಗಲಿಸಿರುತ್ತವೆ. ಜೀನಿ ಇದ್ದರೆ ಓಡುತ್ತದೆ, ತೆಗೆದರೆ ಇಲ್ಲ. ಅಲ್ಲಿ ಹೊಸ ಕನೆಕ್ಟರ್ ಬಿಟ್ಟು ಬೇರೆ ದಾರಿ ಕಡಿಮೆ.

ಕೊನೆಯ ದಾರಿ: ಬೀಗವನ್ನೇ ಸುಮ್ಮನಾಗಿಸುವುದು

ಬೋರ್ಡಿನ ಮೇಲೆ 3193ಎ ಅಂತ ಬರೆದ 16 ಕಾಲಿನ ಚಿಪ್ ಹುಡುಕಿ. ಗುರುತಿನ ಕಚ್ಚು ಎಡಕ್ಕೆ ಬರುವಂತೆ ಹಿಡಿದರೆ ಕೆಳಸಾಲಿನ ಎಡದಿಂದ 1, 2, 3, 4. ಆ 4ನೇ ಕಾಲನ್ನು ಬೋರ್ಡಿನಿಂದ ಬಿಡಿಸಿ ಗ್ರೌಂಡಿಗೆ ಸೇರಿಸಿದರೆ, ಮೊದಲು ಹೇಳಿದೆನಲ್ಲ, ಬೀಗ ತಾನೂ ಬೀಗದ ಕೈ ಅಂದುಕೊಳ್ಳುತ್ತದೆ. ರೀಸೆಟ್ ಮಾಡುವವರೇ ಇಲ್ಲ. ಲೈಟು ಗಟ್ಟಿಯಾಗಿ ನಿಲ್ಲುತ್ತದೆ, ಲಂಡನ್ನಿನ ಕ್ಯಾಸೆಟ್ಟಿಗೂ ಬಾಗಿಲು ತೆರೆಯುತ್ತದೆ.

ಆದರೆ ಕೊಳೆ ಹೋಗುವುದಿಲ್ಲ. ಕನೆಕ್ಟರ್ ಕೆಟ್ಟಿದ್ದರೆ ಮಿಣ ಮಿಣ ಹೋಗಿ ಅದರ ಜಾಗಕ್ಕೆ ಬೂದು ಪರದೆ ಬರುತ್ತದೆ, ಅಷ್ಟೇ. ಅದಕ್ಕೇ ಇದನ್ನು ಕೊನೆಗೆ ಇಟ್ಟಿದ್ದು. ನಿಂಟೆಂಡೊ ತಾನೇ 1993ರಲ್ಲಿ ತಂದ, ಮೇಲಿನಿಂದ ಕ್ಯಾಸೆಟ್ ಹಾಕುವ ಚಿಕ್ಕ ಮಾದರಿಯಲ್ಲಿ ಈ ಬೀಗವನ್ನು ಕೈಬಿಟ್ಟಿತು.

ಬೆಸುಗೆ ಹಾಕಿ ಅಭ್ಯಾಸ ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ. ಕಾಲು ಎತ್ತುವಾಗ ಬೋರ್ಡಿನ ತಾಮ್ರದ ಗೆರೆ ಎದ್ದು ಬಂದರೆ, ಸುಟ್ಟ ವಾಸನೆ ಬಂದರೆ, 5 ವೋಲ್ಟ್ ಇರಬೇಕಾದಲ್ಲಿ ಕಮ್ಮಿ ತೋರಿಸಿದರೆ ಆಗಲೂ ನಿಲ್ಲಿಸಿ. ಮೊಬೈಲ್ ಬೋರ್ಡ್ ಕೆಲಸ ಮಾಡುವ ಹುಡುಗರಿಗೆ ಇದು ಐದು ನಿಮಿಷದ ಕೆಲಸ. "4ನೇ ಕಾಲು ಎತ್ತಿ ಗ್ರೌಂಡ್ ಮಾಡಿ" ಅಂತ ಚೀಟಿಯಲ್ಲಿ ಬರೆದು ಚಿಪ್ ಮೇಲೆ ಅಂಟಿಸಿ ಕೊಡಿ. ಬಾಯಲ್ಲಿ ಹೇಳಿದರೆ ಬೇರೆ ಕಾಲು ಎತ್ತಿಬಿಡುತ್ತಾರೆ.

ಬೇರೆ ಯಂತ್ರಗಳಲ್ಲಿ

ಸೂಪರ್ ನಿಂಟೆಂಡೊದಲ್ಲೂ ಇದೇ ಬಗೆಯ ಬೀಗ, ಆದರೆ ಲೈಟು ಹೊತ್ತಿ ಆರುವುದಿಲ್ಲ, ಪರದೆ ಕಪ್ಪಗೆ ನಿಲ್ಲುತ್ತದೆ. ಗೇಮ್‌ಬಾಯ್‌ನ ದಾರಿ ಬೇರೆ. ಆನ್ ಮಾಡಿದಾಗ ಮೇಲಿನಿಂದ ಇಳಿಯುವ ನಿಂಟೆಂಡೊ ಹೆಸರು ಕ್ಯಾಸೆಟ್‌ನಿಂದ ಓದಿದ್ದು. ಅದನ್ನು ಯಂತ್ರ ತನ್ನಲ್ಲಿರುವ 48 ಬೈಟಿನ ಪ್ರತಿಗೆ ಹೋಲಿಸುತ್ತದೆ, ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹೆಸರಿನ ಬದಲು ಕಪ್ಪು ಪಟ್ಟಿ ಇಳಿದರೆ ಕ್ಯಾಸೆಟ್ ಮುಟ್ಟುತ್ತಲೇ ಇಲ್ಲ, ಚೂರು ಚೂರಾಗಿ ಇಳಿದರೆ ಕೊಳೆ. ಹೆಸರು ಸರಿಯಾಗಿ ಇಳಿದು ಆಮೇಲೆ ಆಟ ನಿಂತರೆ ಅದು ಬೀಗದ ತಂಟೆಯಲ್ಲ. ಅಲ್ಲೂ ಇಯರ್ ಬಡ್‌ನಿಂದಲೇ ಶುರುಮಾಡಿ.